ಹೀಟರಿಗೆ ಅಪ್ಪನ್ನ ಕೇಳಬೇಕು

ಆಸ್ಪತ್ರೆಯ ಹಿಂಭಾಗದ ಬಾಯ್ಲರ್ ಮನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಅವನನ್ನು ನರ್ಸುಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಹಬೆಯಣ್ಣ ಎಂದೇ ಕರೆಯುತ್ತಿದ್ದರು. ಹಾಸಿಗೆಬಟ್ಟೆ ಒಗೆಯುವುದಕ್ಕೆ, ಕತ್ತರಿ ಚಿಮಟ ಕುದಿಸುವುದಕ್ಕೆ, ರೋಗಿಗಳ ಸ್ನಾನಕ್ಕೆ, ಇಡೀ ಕಟ್ಟಡಕ್ಕೆ ಹಬೆ ಹೋಗುತ್ತಿದ್ದುದು ಅವನ ಕೈಯಿಂದ. ಅಷ್ಟು ವರ್ಷಗಳಲ್ಲಿ ಒಂದು ವಾಲ್ವ್ ಸಿಡಿದಿರಲಿಲ್ಲ, ಒಬ್ಬರ ಕೈ ಸುಟ್ಟಿರಲಿಲ್ಲ. ನಿವೃತ್ತಿಯ ದಿನ ಮಾತಾಡಿದವರೆಲ್ಲ ಅದನ್ನೇ ಹೇಳಿದರು. ಅವನೂ ತಲೆ ತಗ್ಗಿಸಿಕೊಂಡು, ಒಳಗೊಳಗೇ ಹಿಗ್ಗಿ, ಕೇಳಿಸಿಕೊಂಡಿದ್ದ.

ಅದಾಗಿ ಎರಡನೇ ಚಳಿಗಾಲದ ಒಂದು ಬೆಳಿಗ್ಗೆ ಅವನ ಒಬ್ಬಳೇ ಮಗಳು ತನ್ನ ಮನೆಯ ಬಚ್ಚಲಲ್ಲಿ, ಗ್ಯಾಸ್ ಗೀಸರಿನ ವಿಷಗಾಳಿ ಕುಡಿದು ಸತ್ತುಹೋದಳು. ಆ ಗೀಸರನ್ನು ಅಂಗಡಿಯಲ್ಲಿ ಆರಿಸಿ ತಂದವನು ಅವನು. ಗೋಡೆಗೆ ಕೂರಿಸಿದವನೂ ಅವನೇ.

ವಿಚಾರಣೆಗೆ ಬಂದ ಅಧಿಕಾರಿ ಟೇಪು ಹಿಡಿದು ಬಚ್ಚಲನ್ನೆಲ್ಲ ಅಳೆದ. "ಗೀಸರ್ ಆರಿಸಿ ತಂದದ್ದು ಯಾರು?" ಅಂದ. "ನಾನು." "ಮೇಲಿನ ಗಾಳಿಕಿಂಡಿ ಕೊರೆದದ್ದು?" "ಅದೂ ನಾನೇ." ಅಧಿಕಾರಿ ಮುಂದೆ ಏನೂ ಕೇಳಲಿಲ್ಲ. ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ಹೊಗೆ ಹೊರಹೋಗಲು ಕಿಂಡಿ ಸಾಲದೆ ಇದ್ದಿರಬಹುದು.

ಆಮೇಲಿನ ಒಂದು ವರ್ಷ ನಾಲ್ಕು ತಿಂಗಳು ಹಬೆಯಣ್ಣ ಆ ಒಂದು ಸಾಲಿನೊಳಗೇ ಬದುಕಿದ. ಊಟಕ್ಕೆ ಕೂತರೂ ಕೈ ತಾನಾಗಿ ಮೇಜಿನ ಮೇಲೆ ಗೇಣು ಹಾಕುತ್ತಿತ್ತು. ಒಂದು ಗೇಣು ಅಗಲ, ಮುಕ್ಕಾಲು ಗೇಣು ಎತ್ತರ. ಇನ್ನು ನಾಲ್ಕು ಬೆರಳು ದೊಡ್ಡದಾಗಿ ಕೊರೆದಿದ್ದರೆ? ಅವನ ಹೆಂಡತಿ ಆ ಕೈಯನ್ನು ನೋಡುತ್ತಿದ್ದಳು, ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ನಿಮ್ಮಿಂದಲೇ ಹೀಗಾಯಿತು ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಆ ಮನೆಯಲ್ಲಿ ಇಬ್ಬರೂ ಚಳಿ ಮಳೆ ಅನ್ನದೆ ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದರು. ಹಾಗೆ ಮಾಡೋಣ ಎಂದು ಯಾರೂ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಳಿಯ ಬಂದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಏಳು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಅರ್ಧ ಆಗಿದ್ದ. ಕೊರಳಪಟ್ಟಿಯೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಿತ್ತು.

"ದಾರಿ ತಪ್ಪಿ ಬಂದ್ರಾ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದಳು. ಕೇಳಿದವಳೇ ಟೀ ಇಡಲು ಒಳಗೆ ಹೋದಳು.

ಅಳಿಯ ಚೀಲದಿಂದ ಒಂದು ಹಳದಿ ಕವರು ತೆಗೆದು ಮಾವನ ಮುಂದಿಟ್ಟ. ಮಗಳು ಕೆಲಸ ಮಾಡುತ್ತಿದ್ದ ಹಲ್ಲಿನ ಆಸ್ಪತ್ರೆಯ ಎಕ್ಸ್‌ರೇ ಕವರು. ಅಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಉಪ್ಪುನೀರು, ಜೀವಂತ ಹವಳ, ನಾಲ್ಕಾರು ಮೀನು. ಡಾಕ್ಟರಿಗೆ ಅದು ಶೋಕಿ, ಅವಳಿಗೆ ಹುಚ್ಚು. ಊಟದ ಬಿಡುವಿನಲ್ಲಿ ಗಾಜು ಒರೆಸಿ, ನೀರು ಪರೀಕ್ಷೆ ಮಾಡಿ, ಹವಳ ಅಂದರೆ ಕಲ್ಲಲ್ಲ ಅಪ್ಪಾ, ಅದೂ ಪ್ರಾಣಿ, ಅದಕ್ಕೂ ಹಸಿವಾಗುತ್ತೆ ಎಂದು ಮನೆಗೆ ಬಂದು ತಲೆ ತಿನ್ನುತ್ತಿದ್ದಳು. ತನ್ನ ಮನೆಯಲ್ಲೂ ಒಂದು ಕಟ್ಟಬೇಕೆಂದು ನಾಲ್ಕಡಿ ಉದ್ದದ ಖಾಲಿ ತೊಟ್ಟಿ ತರಿಸಿದ್ದಳು. ಅದು ಬಂದ ವಾರವೇ ಅವಳು ಹೋದದ್ದು.

"ಬೀರು ಖಾಲಿ ಮಾಡುವಾಗ ಸಿಕ್ಕಿತು," ಅಂದ ಅಳಿಯ. "ಆ ತೊಟ್ಟಿಯೊಳಗೆ ನಾನು ಹಳೇ ಪೇಪರ್ ತುಂಬ್ತಾ ಬಂದಿದೀನಿ ಮಾವ. ಎಸೆಯೋಕೂ ಆಗಲ್ಲ, ನೋಡೋಕೂ ಆಗಲ್ಲ. ಅವಳು ಅಂದುಕೊಂಡ ಹಾಗೆ ಕಟ್ಟಿಬಿಡೋಣ ಅಂತ."

ಕವರಿನ ಹಿಂಬದಿಯಲ್ಲಿ ಮಗಳ ಗುಂಡು ಅಕ್ಷರ. ಬೇಕಾದ ಸಾಮಾನಿನ ಪಟ್ಟಿ. ದೀಪ: ನೀಲಿ ಜಾಸ್ತಿ ಇರೋದು. ಅಲೆ ಎಬ್ಬಿಸೋ ಪಂಪು: ಎರಡು. ನೊರೆ ಯಂತ್ರ: ಸದ್ದು ಕಡಿಮೆ ಇರಲಿ, ಇವರಿಗೆ ನಿದ್ದೆ ಕೆಡುತ್ತೆ. ನೀರು ಸೋಸೋ ಫಿಲ್ಟರ್. ಕೊನೆಯಲ್ಲಿ, ಅಡಿಗೆರೆ ಎಳೆದು: ಹೀಟರಿಗೆ ಅಪ್ಪನ್ನ ಕೇಳಬೇಕು.

ಹಬೆಯಣ್ಣ ಕವರನ್ನು ಮಗುಚಿಟ್ಟ. "ನನ್ನ ಕೈಲಿ ಆಗಲ್ಲ. ಬೇರೆ ಯಾರನ್ನಾದ್ರೂ ಕೇಳಿ."

ಟೀ ತಂದ ಹೆಂಡತಿ ಕವರು ಎತ್ತಿ ಓದಿದಳು. ಓದುತ್ತ ಅವಳ ತುಟಿ ಅಲ್ಲಾಡಿತು. ಕವರನ್ನು ಮತ್ತೆ ಗಂಡನ ಮುಂದೆಯೇ, ಅಕ್ಷರ ಮೇಲೆ ಬರುವಂತೆ ಇಟ್ಟು, "ಅವಳು ಕೇಳಿದಾಳೆ. ಹೋಗಿ," ಅಂದಳು.

ಅದೇ ಮಧ್ಯಾಹ್ನ ಅವನು ಅಳಿಯನ ಮನೆಗೆ ಹೋದ. ಹಾಲಿನ ಗೋಡೆಯ ಪಕ್ಕ ಇಟ್ಟಿದ್ದ ತೊಟ್ಟಿಯಲ್ಲಿ ಪೇಪರು ಅಂಚಿನವರೆಗೆ ತುಂಬಿತ್ತು. ಇಬ್ಬರೂ ಸೇರಿ ಹೊರಗೆ ತೆಗೆದರು. ಹಬೆಯಣ್ಣ ಉದ್ದ, ಅಗಲ, ಆಳ ಅಳೆದ. ಇನ್ನೂರೈವತ್ತು ಲೀಟರು ನೀರು. ಕಲ್ಲು, ಮರಳು, ಕೆಳಗಿನ ಕಬ್ಬಿಣದ ಮೇಜು ಸೇರಿದರೆ ಆರೇಳು ಆಳಿನ ಭಾರ. ನೆಲ ಬಡಿದು ನೋಡಿ, ಕೆಳಗೆ ತೊಲೆ ಇರುವ ಗೋಡೆಯನ್ನು ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಪ್ಲಗ್ಗು ತೊಟ್ಟಿಯ ಹಿಂದೆ ಇರಬಾರದು, ಪಕ್ಕಕ್ಕಿರಬೇಕು, ವೈರು ಒಂದು ಸಲ ಕೆಳಗೆ ಜೋತು ಆಮೇಲೆ ಮೇಲೇರಬೇಕು. ಇಲ್ಲದಿದ್ದರೆ ನೀರಿನ ಹನಿ ವೈರು ಹಿಡಿದು ನೇರ ಪ್ಲಗ್ಗಿಗೇ ಬರುತ್ತದೆ. ಅಳಿಯ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಬಚ್ಚಲಿನ ಬಾಗಿಲು ಹಾಲಿಗೇ ತೆರೆದುಕೊಳ್ಳುತ್ತಿತ್ತು. ಅಷ್ಟು ಹೊತ್ತೂ ಹಬೆಯಣ್ಣ ಅದಕ್ಕೆ ಬೆನ್ನು ಹಾಕಿಯೇ ಕೆಲಸ ಮಾಡಿದ. ಕೈ ತೊಳೆಯುವುದಕ್ಕೆ ಅಡುಗೆಮನೆಗೆ ಹೋದ.

ಮುಂದಿನ ವಾರ ಇಬ್ಬರೂ ಅಂಗಡಿಗೆ ಹೋದರು. ಪೇಟೆಯ ಹಿಂದಿನ ಬೀದಿಯಲ್ಲಿ, ಟೈರಿನ ಅಂಗಡಿಗೂ ಪ್ರಿಂಟಿಂಗ್ ಪ್ರೆಸ್ಸಿಗೂ ನಡುವೆ ಸಿಕ್ಕಿಹಾಕಿಕೊಂಡ ಉದ್ದನೆಯ ಕತ್ತಲೆ ಅಂಗಡಿ. ಒಳಗೆ ಹೋದರೆ ಮೂರು ಸಾಲು ತೊಟ್ಟಿಗಳಿಂದ ನೀಲಿ ಬೆಳಕು. ಅಂಗಡಿಯಾಕೆ ಐವತ್ತರ ಹೆಂಗಸು. ಉಪ್ಪುನೀರಲ್ಲಿ ನೆಂದು ನೆಂದು ಬೆರಳುಗಳು ಒಣದ್ರಾಕ್ಷಿಯಂತಾಗಿದ್ದವು. ಪಟ್ಟಿ ಓದಿ, "ಬರೆದವರಿಗೆ ವಿಷಯ ಗೊತ್ತಿದೆ. ಅವರ್ಯಾಕೆ ಬಂದಿಲ್ಲ?" ಎಂದು ಕೇಳಿದಳು.

ಆಕೆ ಒಬ್ಬೊಬ್ಬರ ಮುಖ ನೋಡಿ ಅರ್ಥ ಮಾಡಿಕೊಂಡು, ಮತ್ತೆ ಕೇಳಲಿಲ್ಲ. ದೀಪಗಳ ಕಡೆ ನಡೆದಳು.

ಮೊದಲು ಎಲ್ಲ ಸಲೀಸಾಗಿಯೇ ನಡೆಯಿತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದು ಬೆಳಕು ತಿಂದು ಹವಳಕ್ಕೂ ಉಣಿಸುತ್ತದೆ, ಅದಕ್ಕೇ ದೀಪದಲ್ಲಿ ಚೌಕಾಸಿ ಮಾಡಬಾರದು ಎಂದು ಆಕೆ ವಿವರಿಸಿದಳು. ಅಳಿಯ ಗಾಜು ಉಜ್ಜುವವನಲ್ಲವೆ, ಎರಡು ದೀಪಗಳ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಅಂಚು ಎಲ್ಲಿ ಮಸುಕಾಗುತ್ತದೆ ಎಂದು ನೋಡಿ ಒಂದನ್ನು ಆರಿಸಿದ. ಆಕೆ ಹುಬ್ಬೇರಿಸಿದಳು. ನೊರೆ ಯಂತ್ರ ಅಂದರೆ ಕೊಳವೆಯಂಥದ್ದು. ನೀರಿಗೆ ಸಣ್ಣ ಗುಳ್ಳೆ ಎಬ್ಬಿಸಿ, ಕೊಳೆಯನ್ನೆಲ್ಲ ನೊರೆ ಮಾಡಿ ಮೇಲಿನ ಲೋಟಕ್ಕೆ ತಳ್ಳುತ್ತದೆ. ನಾಲ್ಕು ಯಂತ್ರಗಳನ್ನು ಒಂದೊಂದಾಗಿ ಓಡಿಸಿ ಹಬೆಯಣ್ಣ ಕಿವಿಗೊಟ್ಟು ಕೇಳಿದ. "ಇದರ ಬೇರಿಂಗ್ ಈಗಲೇ ಗೊಣಗ್ತಿದೆ. ಆರು ತಿಂಗಳಿಗೆ ಕಿರುಚುತ್ತೆ," ಎಂದು ಒಂದನ್ನು ಪಕ್ಕಕ್ಕಿಟ್ಟ.

"ನಿಮ್ಮನ್ನ ಮೊದಲೇ ಕರೆಸಿಕೊಳ್ಳಬೇಕಿತ್ತು. ಸಾಮಾನು ತರಿಸೋವಾಗ ನನಗೇ ಮೋಸ ತಪ್ಪುತ್ತಿತ್ತು," ಎಂದು ಆಕೆ ನಕ್ಕಳು. ಹಬೆಯಣ್ಣನ ಮುಖದಲ್ಲೂ ಬಹಳ ದಿನದ ಮೇಲೆ ಏನೋ ಸಡಿಲವಾಯಿತು.

ಕೊನೆಗೆ ಆಕೆ ಹೀಟರು ತೆಗೆದಳು. ಮುಂಗೈಯಷ್ಟು ಉದ್ದದ ಗಾಜಿನ ಕೊಳವೆ, ಒಳಗೆ ಸುರುಳಿ ತಂತಿ. "ಮುನ್ನೂರು ವಾಟಿಂದು ಒಂದು ಸಾಕು ನಿಮಗೆ. ಇಪ್ಪತ್ತೈದು, ಇಪ್ಪತ್ತಾರು ಡಿಗ್ರಿಗೆ ಇಟ್ಟುಬಿಡಿ."

"ಒಂದು ಬೇಡ," ಅಂದ ಹಬೆಯಣ್ಣ, ಯೋಚಿಸದೆಯೇ. "ನೂರೈವತ್ತರದ್ದು ಎರಡು ಕೊಡಿ. ಒಂದು ಕೆಟ್ಟು ಆರಿಹೋದರೆ ಇನ್ನೊಂದು ನೀರನ್ನ ಹಿಡಿದುಕೊಳ್ಳುತ್ತೆ. ಒಂದು ಕೆಟ್ಟು ಉರೀತಾನೇ ಉಳಿದರೂ ಅದೊಂದರಿಂದಲೇ ಕುದಿಸೋಕೆ ಆಗಲ್ಲ. ಅದರ ಸ್ವಿಚ್ಚನ್ನೂ ನಂಬಬಾರದು. ಮಿತಿ ದಾಟಿದರೆ ಕರೆಂಟೇ ಕಡಿಯೋದು ಇನ್ನೊಂದು ಹೊರಗಿರಬೇಕು."

ಅಂಗಡಿಯಾಕೆ ಎರಡೂ ಕೈ ಮೇಜಿನ ಮೇಲೂರಿ ಅವನನ್ನೇ ನೋಡಿದಳು. "ನೋಡಿ, ಇದನ್ನ ನಾನು ಬಾಯಿ ನೋವು ಬರೋ ಹಾಗೆ ಹೇಳ್ತೀನಿ, ಯಾರೂ ಕೇಳಲ್ಲ. ಮನೇಲಿ ಒಂದ್ಸಲ ಎಲ್ಲಾನೂ ಸಾಯಿಸಿಕೊಂಡ ಮೇಲೇ ಜನಕ್ಕೆ ಬುದ್ಧಿ ಬರೋದು. ನಿಮಗೆ ಮೊದಲೇ ಬಂದಿದೆ."

ಆಕೆ ಮೆಚ್ಚಿಕೊಂಡೇ ಆಡಿದ ಮಾತು. ಆದರೆ ಹಬೆಯಣ್ಣ ಕೈಗೆತ್ತಿಕೊಂಡಿದ್ದ ಕೊಳವೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, "ನನ್ನನ್ನ ಕೇಳಬೇಡಿ. ನಾನು ಆರಿಸಬಾರದು," ಎಂದು ಬಾಗಿಲ ಕಡೆ ನಡೆದುಬಿಟ್ಟ.

ರಸ್ತೆಯಾಚೆ ಬಸ್ಸಿಗೆ ಕಾಯುವ ಕಟ್ಟೆಯಿತ್ತು. ಅಲ್ಲಿ ಹೋಗಿ ಕೂತ. ಅಳಿಯ ಹಿಂದೆಯೇ ಓಡಿಬಂದು ಪಕ್ಕದಲ್ಲಿ ನಿಂತ, ಕೂರಲಿಲ್ಲ. ಒಂದು ಬಸ್ಸು ಬಂದು ಹೋಯಿತು.

"ಮಾವ, ಕಿಂಡಿ ಸಾಕಾಗಿತ್ತು," ಅಂದ.

ಹಬೆಯಣ್ಣ ತಲೆ ಎತ್ತಿದ.

"ನೀವು ಕೊರೆದ ಕಿಂಡಿ ಸಾಕಾಗಿತ್ತು. ನಾನು ಅದನ್ನ ಮುಚ್ಚಿದ್ದೆ." ಅಳಿಯ ರಸ್ತೆಯನ್ನೇ ನೋಡುತ್ತ ಮಾತಾಡಿದ. "ಆ ವಾರ ಚಳಿ ಜಾಸ್ತಿ ಇತ್ತಲ್ಲ. ನನಗೆ ಜ್ವರ. ಸ್ನಾನಕ್ಕೆ ಹೋದರೆ ಮೇಲಿಂದ ಗಾಳಿ ಚೂರಿ ಹಾಕಿದ ಹಾಗೆ. ತೊಟ್ಟಿ ಜೊತೆ ಬಂದಿದ್ದ ಥರ್ಮಾಕೋಲ್ ಇತ್ತು. ಕತ್ತರಿಸಿ ತುರುಕಿ ಟೇಪು ಹಾಕಿದೆ. ಅವಳು ಬೈದಳು. ಅಪ್ಪ ಅದನ್ನ ಮುಚ್ಚಬೇಡಿ ಅಂತ ನೂರು ಸಲ ಹೇಳಿದಾರೆ ಅಂದಳು. ಎರಡು ದಿನ ಇರಲಿ, ಏನಾಗುತ್ತೆ ಅಂದೆ. ಅದು ಎರಡನೇ ದಿನ."

"ಅಧಿಕಾರಿ ಬಂದಾಗ ಕಿಂಡಿ ತೆರೆದೇ ಇತ್ತಲ್ಲ."

"ಬಾಗಿಲು ಒಡೆದು ಒಳಗೆ ಹೋದ ತಕ್ಷಣ ಕಿತ್ತೆ. ಗಾಳಿ ಬರಲಿ ಅಂತ, ಅವಳಿಗೆ ಗಾಳಿ ಬರಲಿ ಅಂತ. ಆಮೇಲೆ ಅದನ್ನ ಹೊರಗಿನ ಕಸದ ಡಬ್ಬಿಗೆ ಹಾಕಿದೆ. ಯಾಕೆ ಹಾಕಿದೆ ಅಂತ... ನಾನೇ ಎಷ್ಟು ಸಲ ಕೇಳಿಕೊಂಡೆ ಮಾವ. ಅವರು ಕೇಳಿದಾಗ ನೀವು 'ನಾನು, ನಾನು' ಅಂತಿದ್ರಿ. ನಾನು ಬಾಯಿ ಬಿಡಲಿಲ್ಲ."

ಹಬೆಯಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಪೂರ್ತಿ ಮುಚ್ಚಿದ್ಯಾ? ಸಂದಿ ಬಿಟ್ಟಿದ್ಯಾ?"

ಮದುವೆಯಾದ ದಿನದಿಂದ ಅಳಿಯನನ್ನು ಅವನು ನೀವು ಎಂದೇ ಮಾತಾಡಿಸಿದ್ದ. ಆ ನೀವು ಅಲ್ಲಿಗೆ ಮುರಿದುಬಿತ್ತು.

"ಪೂರ್ತಿ," ಅಂದ ಅಳಿಯ.

ಹಬೆಯಣ್ಣ ಎದ್ದು ನಡೆಯತೊಡಗಿದ. ಮನೆ ದೂರ, ಬಸ್ಸಿನಲ್ಲೇ ಮುಕ್ಕಾಲು ಗಂಟೆಯ ದಾರಿ. ಅಷ್ಟನ್ನೂ ನಡೆದ. ಮೊದಲ ಅರ್ಧ ದಾರಿಯಲ್ಲಿ ಅವನಿಗಾದದ್ದು ಕೋಪವಲ್ಲ. ಎದೆಯ ಮೇಲಿಂದ ಯಾರೋ ಕಲ್ಲುಚಪ್ಪಡಿ ಎತ್ತಿದ ಹಾಗಾಗಿತ್ತು. ನನ್ನ ಲೆಕ್ಕ ತಪ್ಪಿರಲಿಲ್ಲ, ನನ್ನ ಕೈ ತಪ್ಪಿರಲಿಲ್ಲ ಎಂದು ಹೆಜ್ಜೆಗೊಂದು ಸಲ ಅಂದುಕೊಂಡ. ಸೇತುವೆಯ ಮೇಲೆ ಬರುವ ಹೊತ್ತಿಗೆ ಆ ಸಮಾಧಾನದ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು. ಕಲ್ಲು ಎತ್ತಿದರೆ ಕೆಳಗೆ ಮಗಳೇನು ಉಸಿರಾಡುತ್ತ ಕೂತಿದ್ದಳೆ? ಸೇತುವೆಯ ಕಂಬಿಗೆ ಹಣೆ ಆನಿಸಿ ನಿಂತುಬಿಟ್ಟ. ಹಾದುಹೋಗುತ್ತಿದ್ದವರೊಬ್ಬರು "ತಲೆ ಸುತ್ತುತ್ತಾ ಯಜಮಾನ್ರೇ?" ಎಂದು ಕೇಳಿದರು. ಕೋಪ ಬಂದದ್ದು ಆಮೇಲೆ, ಮನೆಯ ಮೆಟ್ಟಿಲು ಹತ್ತುವಾಗ. ಮೊದಲು ಬಲಗೈಗೆ ಬಂತು, ಮುಷ್ಟಿಯಾಗಿ.

ಹೆಂಡತಿ ಕಿಟಕಿಯ ಬಳಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಪ್ಲಗ್ಗು ಕಿತ್ತು, ಮಡಿಸಿದ ಬಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅವನನ್ನ ಈ ಮನೆ ಹೊಸಿಲು ತುಳಿಸಬೇಡಿ," ಅಂದಳು ಕೊನೆಗೆ. ಆಮೇಲೆ ಗಂಡನ ಹತ್ತಿರ ಬಂದು ಅವನ ಬಲಗೈಯನ್ನು ಹಿಡಿದುಕೊಂಡಳು. "ನಾನು ಇಷ್ಟು ದಿನ ನಿಮ್ಮನ್ನ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಪೂರ್ತಿ ಮಾಡುವುದು ಬೇಕಿರಲಿಲ್ಲ. ಅವನಿಗೆ ಅದು ಎಂದೋ ಗೊತ್ತಿತ್ತು. ಅವಳು ಅತ್ತದ್ದು ಮಗಳಿಗೋ, ಅವನಿಗೋ, ಒಂದು ವರ್ಷ ನುಂಗಿಕೊಂಡ ಮಾತಿಗೋ, ಆ ಸಂಜೆಯೆಲ್ಲ ಅತ್ತಳು.

ಹತ್ತು ದಿನದ ಮೇಲೆ ಅಧಿಕಾರಿಯ ಕಚೇರಿಯಿಂದ ಕರೆ ಬಂತು. ಅಳಿಯ ತಾನಾಗಿ ಹೋಗಿ ಇದ್ದದ್ದು ಇದ್ದಹಾಗೆ ಬರೆದುಕೊಟ್ಟಿದ್ದ. ಹಬೆಯಣ್ಣ ಹೋದಾಗ ಅವನು ಹೊರಗಿನ ಬೆಂಚಿನ ಮೇಲೆ, ಮೊಣಕಾಲ ನಡುವೆ ಕೈ ಸೇರಿಸಿಕೊಂಡು ಕೂತಿದ್ದ. ಎದ್ದು ನಿಂತ. ಹಬೆಯಣ್ಣ ನೋಡದವನಂತೆ ಒಳಗೆ ಹೋದ.

"ಮನೆಯವರ ದೂರು ಇದೆಯಾ, ಇಲ್ವಾ? ಒಂದು ಹೇಳಿಬಿಡಿ," ಎಂದ ಅಧಿಕಾರಿ.

"ಕಿಂಡಿ ಸಾಕಾಗಿತ್ತು ಅಂತ ಬರ್ಕೊಳ್ಳಿ. ಅದನ್ನ ಮುಚ್ಚಿದ್ರು ಅಂತ ಬರ್ಕೊಳ್ಳಿ. ಮುಚ್ಚಿದವನೇ ಬಂದು ಹೇಳಿದ ಅಂತಾನೂ ಬರ್ಕೊಳ್ಳಿ. ನನಗೆ ಗೊತ್ತಿರೋದು ಇಷ್ಟು. ಅವನನ್ನ ಏನು ಮಾಡಬೇಕು ಅನ್ನೋದು ನಿಮ್ಮ ಕೆಲಸ, ನಂದಲ್ಲ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. ಅದು ಅಚಾತುರ್ಯ, ಬೇಕೆಂದು ಮಾಡಿದ್ದಲ್ಲ, ಆದರೆ ಸಾಕ್ಷಿ ಮುಚ್ಚಿಟ್ಟದ್ದು ತಪ್ಪು, ಎಚ್ಚರಿಕೆ ಕೊಟ್ಟು ಕಡತ ಮುಗಿಸುತ್ತೇವೆ ಎಂದ. ಹಳೆಯ ವರದಿಯ ಆ ಸಾಲನ್ನು ಹೊಡೆದುಹಾಕಿದರು. ಹಬೆಯಣ್ಣ ಅದನ್ನು ತನ್ನ ಕಣ್ಣಾರೆ ನೋಡಿದ. ನೋಡಿದರೆ ಏನೋ ಆಗುತ್ತದೆ ಎಂದುಕೊಂಡಿದ್ದ. ಒಂದು ಗೆರೆ ಎಳೆದಿದ್ದರು, ಅಷ್ಟೇ.

ಅದರ ಮರುದಿನ ಅವನು ಒಬ್ಬನೇ ಆ ಅಂಗಡಿಗೆ ಹೋಗಿ ನೂರೈವತ್ತು ವಾಟಿನ ಎರಡು ಹೀಟರು, ಮಿತಿ ದಾಟಿದರೆ ಕರೆಂಟು ಕಡಿಯುವ ಒಂದು ಪೆಟ್ಟಿಗೆ ಆರಿಸಿ ತಂದ. ಮನೆಯಲ್ಲಿ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಎರಡನ್ನೂ ಇಳಿಬಿಟ್ಟು, ಒಂದು ವಾರ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿದ. ಒಂದನ್ನು ಬೇಕೆಂದೇ ನಿಲ್ಲಿಸಿ ನೋಡಿದ. ಇನ್ನೊಂದನ್ನು ಬೇಕೆಂದೇ ಉರಿಯಲು ಬಿಟ್ಟು, ಪೆಟ್ಟಿಗೆ ಕಡಿಯುತ್ತದೋ ಇಲ್ಲವೋ ನೋಡಿದ. ಕಡಿಯಿತು.

"ಅವನಿಗಾಗಿ ಇಷ್ಟೊಂದು ಮಾಡ್ತೀರಲ್ಲ," ಅಂದಳು ಹೆಂಡತಿ.

"ಅವನಿಗಲ್ಲ."

"ಮತ್ತೆ?"

"ಅವಳು ಕೇಳಿದ್ದು ನನ್ನನ್ನ. ಉತ್ತರ ಕೊಡಬೇಕಲ್ಲ."

ತೊಟ್ಟಿ ಕಟ್ಟಲು ಎರಡು ಭಾನುವಾರ ಹಿಡಿಯಿತು. ಅಳಿಯ ದೀಪ ತೂಗುಹಾಕಿದ, ಪಂಪು ಕೂರಿಸಿದ. ಹಬೆಯಣ್ಣ ವೈರು ಎಳೆದ. ಸೋಸಿದ ನೀರಿಗೆ ಉಪ್ಪು ಕಲಸಿ, ಕಲ್ಲು ಜೋಡಿಸಿದರು. ಬೇಕಾದಷ್ಟೇ ಮಾತು: ಇದನ್ನ ಹಿಡಿ, ಅದನ್ನ ಕೊಡು, ಸಾಕು ನಿಲ್ಲಿಸು. ಎಲ್ಲ ಮುಗಿದು ನೀರು ತಿಳಿಯಾದ ಮೇಲೆ ಹಬೆಯಣ್ಣ ಕೈ ಒರೆಸಿಕೊಳ್ಳುತ್ತ, "ನಾನು ಬರ್ತಿದೀನಿ ಅಂತ ನಿನ್ನನ್ನ ಕ್ಷಮಿಸಿದೆ ಅಂದುಕೋಬೇಡ," ಅಂದ.

"ಇಲ್ಲ ಮಾವ. ಅಂದುಕೊಂಡಿಲ್ಲ."

ಹೊಸ ತೊಟ್ಟಿಯ ನೀರು ಹವಳಕ್ಕೆ ಹದವಾಗಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಅದು ನೋಡಲು ಅಸಹ್ಯವಾಗೇ ಇರುತ್ತದೆ ಎಂದು ಅಂಗಡಿಯಾಕೆ ಮೊದಲೇ ಎಚ್ಚರಿಸಿದ್ದಳು. ಹಾಗೇ ಆಯಿತು. ಮೂರನೇ ವಾರಕ್ಕೆ ಕಲ್ಲು, ಮರಳು, ಗಾಜು ಎಲ್ಲದರ ಮೇಲೂ ಕಂದು ಲೋಳೆ ಬಳಿದುಕೊಂಡಿತು. ಅದು ಹೋಗಿ ಹಸಿರು ಕೂದಲಿನಂಥ ಪಾಚಿ ಬಂತು. ಹಬೆಯಣ್ಣ ಪ್ರತಿ ಭಾನುವಾರ ಹೋಗಿ ಲೋಳೆ ಒರೆಸುತ್ತಿದ್ದ, ಹೀಟರುಗಳ ಗಾಜಿಗೆ ಕಟ್ಟಿದ ಸುಣ್ಣ ತೆಗೆಯುತ್ತಿದ್ದ, ನೀರಿನ ಬಿಸಿ ನೋಡುತ್ತಿದ್ದ. ಅಳಿಯ ಟೀ ಮಾಡಿ ಮೇಜಿನ ಮೇಲಿಟ್ಟು, ತಾನು ಅಡುಗೆಮನೆಯಲ್ಲಿ ನಿಂತು ಕುಡಿಯುತ್ತಿದ್ದ.

ಐದನೇ ತಿಂಗಳು ಮೊದಲ ಹವಳ ತಂದರು. ಎಂಥವರ ಕೈಯಲ್ಲೂ ಬದುಕುತ್ತದೆ ಎಂದು ಅಂಗಡಿಯಾಕೆ ಕೊಟ್ಟ ಅಣಬೆ ಹವಳ, ಮೂರು ಬಿಲ್ಲೆ. ಹನ್ನೊಂದು ದಿನ ಮೂರೂ ಮುದುರಿಕೊಂಡೇ ಇದ್ದವು. ಒಂದು ಕರಗಿ ಬಿಳಿ ಚೂರಾಗಿ ನೀರಲ್ಲಿ ಹೋಯಿತು. ಇನ್ನೊಂದು ಅದರ ಹಿಂದೆಯೇ ಹೋಯಿತು. ಯಾಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ನೀರು ಸರಿಯಿತ್ತು, ಬಿಸಿ ಸರಿಯಿತ್ತು, ಬೆಳಕು ಸರಿಯಿತ್ತು. ಉಳಿದ ಒಂದು ಮಾತ್ರ ಕಲ್ಲಿನ ಒಂದು ಮಗ್ಗುಲಿಗೆ ಸರಿದುಕೊಂಡು, ಅಂಚು ಬಿಡಿಸಿತು.

ಆ ದಿನ ಹಬೆಯಣ್ಣ ಮನೆಗೆ ಬಂದಾಗ ಹೆಂಡತಿ ಮೊದಲ ಸಲ ಕೇಳಿದಳು. "ಏನಾದ್ರೂ ಉಳೀತಾ?"

"ಒಂದು."

"ಅವನು ಊಟ ಗೀಟ ಮಾಡ್ತಾನಂತಾ?"

"ಕೇಳಲಿಲ್ಲ."

ಅವಳು ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಹಬೆಯಣ್ಣ ಚಪ್ಪಲಿ ಬಿಟ್ಟು ಕಾಲು ತೊಳೆದು ಕೂತ. ಉಪ್ಪುನೀರಿನ ವಾಸನೆ ಎರಡು ಸಲ ಸೋಪು ಹಾಕಿದರೂ ಬೆರಳುಗಳಿಂದ ಹೋಗಿರಲಿಲ್ಲ. ಮುಂದಿನ ಭಾನುವಾರ ಹೊಸ ಉಪ್ಪು ತರಬೇಕಿತ್ತು. ಮರೆಯಬಾರದೆಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟ.